ಹುಟ್ಟಿದ್ದು ವಡೇಲಿಯಲ್ಲಿ

ಜಶಭಾಯಿ ಪಟೇಲನನ್ನು ನೀವು ನೋಡಿರುತ್ತೀರಿ, ನೋಡಿದ್ದು ನಿಮಗೆ ಗೊತ್ತಿರುವುದಿಲ್ಲ ಅಷ್ಟೇ. ಅಮೆರಿಕದ ಸಿನಿಮಾಗಳಲ್ಲಿ ಕಳ್ಳರು ಅಂಗಡಿಗೆ ನುಗ್ಗುತ್ತಾರಲ್ಲ, ಆಗ ಗಲ್ಲಾಪೆಟ್ಟಿಗೆಯ ಹಿಂದೆ ಎರಡೂ ಕೈ ಎತ್ತಿ ನಿಂತು, ಇನ್ನೇನು ಬಾಯಿ ಬಿಡಬೇಕು ಅನ್ನುವಷ್ಟರಲ್ಲಿ ಗುಂಡು ತಿಂದು ಚಿಪ್ಸ್ ಪೊಟ್ಟಣಗಳ ಮೇಲೆ ಬೀಳುವ ಬಡಪಾಯಿ ಒಬ್ಬನಿರುತ್ತಾನೆ. ಅವನೇ ಇವನು. ಮೂವತ್ತು ವರ್ಷದ ಕಲಾಸೇವೆಯಲ್ಲಿ ಅವನು ಹೆಚ್ಚಾಗಿ ಮಾಡಿದ್ದು ಸಾಯುವ ಕೆಲಸ. ಸಾಯದ ದಿನಗಳಲ್ಲಿ ಟ್ಯಾಕ್ಸಿ ಓಡಿಸಿದ್ದಾನೆ, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಬಿಳಿಯರಿಗೆ ಕೆಟ್ಟ ಸುದ್ದಿ ಹೇಳಿದ್ದಾನೆ, ಒಮ್ಮೆ ಯಾವುದೋ ಹೆಸರಿಲ್ಲದ ದೇಶದ ರಾಯಭಾರಿಯಾಗಿ ಸೂಪು ಕುಡಿದಿದ್ದಾನೆ. ಸಿನಿಮಾ ಮುಗಿದು ಜನ ಎದ್ದು ಕಾರಿನ ಕೀಲಿ ತಡಕಾಡುವ ಹೊತ್ತಿಗೆ ಪರದೆಯ ಮೇಲೆ ಜೇ ಪಟೇಲ್ ಎಂದು ಅವನ ಹೆಸರು ಬರುತ್ತದೆ.

ಉಳಿದ ದಿನಗಳಲ್ಲಿ ಅವನು ಬಾರ್ಸ್ಟೋದಲ್ಲಿ, ಲಾಸ್ ಏಂಜಲಿಸ್‌ನಿಂದ ವೇಗಾಸಿಗೆ ಹೋಗುವ ದಾರಿಯಲ್ಲಿ, ಒಂದು ಮೋಟೆಲು ನಡೆಸುತ್ತಾನೆ. ನಡೆಸುತ್ತಾನೆ ಅನ್ನುವುದು ಅವನ ಮಾತು. ಹಾಸಿಗೆ ಹೊದಿಕೆ ಬದಲಾಯಿಸುವುದರಿಂದ ಹಿಡಿದು, ಕುಡಿದು ಬಂದ ಗಿರಾಕಿಯನ್ನು ಗದರಿಸಿ ಮಲಗಿಸುವವರೆಗೆ ಎಲ್ಲವೂ ಹೆಂಡತಿ ಕೋಕಿಲಾಳ ತಲೆಯ ಮೇಲೆ. ಜಶು ಕನ್ನಡಿಯ ಮುಂದೆ ನಿಂತು ಸಾಯುವುದನ್ನು ಅಭ್ಯಾಸ ಮಾಡುತ್ತಿರುತ್ತಾನೆ. ಅವನಿಗೆ ಈ ಕಲೆ ಅಂಟಿದ್ದೂ ಮೋಟೆಲಿನಿಂದಲೇ. ಮರುಭೂಮಿಯಲ್ಲಿ ಶೂಟಿಂಗ್ ಮಾಡಲು ಬಂದ ತಂಡವೊಂದು ಅಲ್ಲಿ ಇಳಿದುಕೊಂಡಿತ್ತು. ಗುಂಡೇಟು ತಿನ್ನಬೇಕಾದ ನಟನಿಗೆ ಹೊಟ್ಟೆ ಕೆಟ್ಟಿತು. ಬೆಳಿಗ್ಗೆ ಟವೆಲು ಕೊಡಲು ಹೋದ ಜಶುವನ್ನು ನಿರ್ದೇಶಕ ಮೇಲಿನಿಂದ ಕೆಳಗೆ ನೋಡಿ, ಇವನೇ ಸಾಕು ಅಂದ. ಆವತ್ತು ಬಿದ್ದವನು ಮತ್ತೆ ಮನೆಯ ಕೆಲಸಕ್ಕೆ ಏಳಲಿಲ್ಲ ಎಂದು ಕೋಕಿಲಾ ಬಂದವರಿಗೆಲ್ಲ ಹೇಳುತ್ತಾಳೆ.

ಅವನ ಜನ ಇದನ್ನು ಹೇಗೆ ತೆಗೆದುಕೊಂಡರು ಎಂದು ಕೇಳಬೇಡಿ. ಒಂದು ಮೋಟೆಲಿದ್ದವನು ಎರಡು ಮಾಡಬೇಕು, ಎರಡಿದ್ದವನು ನಾಲ್ಕು ಮಾಡಬೇಕು, ಇದು ಗುಜರಾತಿ ಪಟೇಲರ ಗಣಿತ. ಒಂದನ್ನೇ ಇಟ್ಟುಕೊಂಡು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವವನಿಗೆ ಆ ಗಣಿತದಲ್ಲಿ ಜಾಗವಿಲ್ಲ. ಮದುವೆ ಮನೆಗಳಲ್ಲಿ ಅವನು ಒಳಗೆ ಬಂದರೆ ‘ನಾಟಕಿಯೋ ಬಂದ’ ಎಂದು ಗಂಡಸರು ಕಣ್ಣು ಮಿಟುಕಿಸುತ್ತಿದ್ದರು. ಯಾರಾದರೂ ಹುಡುಗ, ಅಂಕಲ್ ಒಂದು ಸಲ ಸತ್ತು ತೋರಿಸಿ ಅನ್ನುತ್ತಿದ್ದ. ಪಾಪ, ಜಶು ತೋರಿಸುತ್ತಿದ್ದ.

ಅವನಿಗೆ ಬೇಕಾಗಿದ್ದುದು ದುಡ್ಡಲ್ಲ. ಆಸ್ಕರ್ ಕೂಡ ಅಲ್ಲ, ಅಷ್ಟು ಬುದ್ಧಿ ಅವನಿಗಿತ್ತು. ತನ್ನ ಗೋಳಿನವರು ಒಂದು ದಿನ ತನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಬೇಕು, ಅಷ್ಟೇ ಆಸೆ. ಗೋಳ್ ಅಂದರೆ ಹೆಣ್ಣು-ಗಂಡು ಕೊಟ್ಟು ತರುವ ಊರುಗಳ ಕೂಟ. ಕನ್ನಡದ ಕಿವಿಗೆ ಅದು ಗೋಳು ಎಂದು ಕೇಳಿಸಿದರೆ ಹೆಚ್ಚೇನೂ ತಪ್ಪಾಗುವುದಿಲ್ಲ. ಜಶುವಿನದು ಒಂಬತ್ತೂರು ಗೋಳ್. ಗುಜರಾತಿನಲ್ಲಿ ಒಂಬತ್ತು ಊರುಗಳಿವೆ, ಅವುಗಳ ಆಚೆ ಇರುವುದೆಲ್ಲ ಬಯಲು ಎಂಬುದು ಅವರ ಭೂಗೋಳ. ಇಬ್ಬರು ಪಟೇಲರು ಚಂದ್ರಲೋಕದಲ್ಲಿ ಎದುರಾದರೂ ಮೊದಲು ಕೇಳುವುದು ‘ಕಯು ಗಾಮ್?’, ಯಾವ ಊರು? ಹುಟ್ಟಿದ ಊರನ್ನಲ್ಲ, ಇರುವ ಊರನ್ನಲ್ಲ, ಅಪ್ಪನ ಅಪ್ಪನ ಅಪ್ಪ ಉತ್ತ ಊರನ್ನು ಹೇಳಬೇಕು. ಜಶುವಿನದು ವಾಘಸಣ. ಒಂಬತ್ತರಲ್ಲಿ ಮೇಲಿನಿಂದ ಎರಡನೆಯದು. ಆ ಒಂದು ಮಾತು ಹೇಳುವಾಗ ಮಾತ್ರ ಅವನ ಬೆನ್ನು ನೆಟ್ಟಗಾಗುತ್ತಿತ್ತು.

ಆದರೆ ಅವನ ತಾಯಿ ಡಾಹೀಬಾ ಆ ಒಂಬತ್ತರ ಆಚೆಯ ಬಯಲಿನಿಂದ ಬಂದವರು. ಬಾ ಅಂದರೆ ಅವರ ಮಾತಿನಲ್ಲಿ ಅಮ್ಮ. ಅವರ ತವರು ವಡೇಲಿ. ಹುಣಸೆಮರ, ಬಾವಿ, ಮೂವತ್ತು ಮನೆ. ದೊಡ್ಡೂರಿನವರು ಇಂಥ ಊರುಗಳಿಂದ ಹೆಣ್ಣು ತರುತ್ತಾರೆ, ಹೆಣ್ಣು ಕೊಡುವುದಿಲ್ಲ. ತಂದದ್ದಕ್ಕೂ ಕೃಪೆ ಮಾಡಿದಂತೆ ಆಡುತ್ತಾರೆ. ಡಾಹೀಬಾರ ತಂದೆ ಎರಡು ಬೀಘಾ ಹೊಲ ಮಾರಿ ಮಗಳನ್ನು ವಾಘಸಣಕ್ಕೆ ಕೊಟ್ಟರು, ಅಣ್ಣಂದಿರು ಬಂದಾಗಲೆಲ್ಲ ಬೀಗರ ಜಗಲಿಯ ತುದಿಯಲ್ಲಿ ಕೂತು ಎದ್ದು ಹೋದರು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು, ಅದು ಅವರಲ್ಲೂ ಹಾಗೇ. ಜಶು ವಡೇಲಿಯಲ್ಲಿ, ಅಜ್ಜನ ಮನೆಯ ಕಾಳಿನ ಕೋಣೆಯಲ್ಲಿ ಹುಟ್ಟಿದ. ಆಮೇಲೆ ಪಕ್ಕದ ಪೇಟೆ ಬೆಳೆದು ಬೆಳೆದು ವಡೇಲಿಯನ್ನು ನುಂಗಿತು. ಅಣ್ಣಂದಿರು ಹೋದರು, ಮನೆ ಹೋಯಿತು, ಕೊನೆಗೆ ಬಸ್ಸಿನ ಬೋರ್ಡಿನಿಂದ ಊರಿನ ಹೆಸರೂ ಹೋಯಿತು.

ಅಮೆರಿಕಕ್ಕೆ ಬಂದ ಮೇಲೂ ಡಾಹೀಬಾರಿಗೆ ಬಿಡುಗಡೆಯಿರಲಿಲ್ಲ. ಯಾವ ಮದುವೆಗೆ ಹೋದರೂ ಹೆಂಗಸರು ಮೊದಲು ಗಂಡನ ಊರು ಕೇಳಿ ಮುಖ ಅರಳಿಸುತ್ತಿದ್ದರು, ಆಮೇಲೆ ತವರು ಕೇಳಿ ‘ಓ, ಹಾಗೋ’ ಎಂದು ಪಕ್ಕದವರ ಸೀರೆಯ ಕಡೆ ತಿರುಗುತ್ತಿದ್ದರು. ಎಂಬತ್ತೆರಡು ವರ್ಷದ ಆ ಮುದುಕಿ ಒಂದು ಸಲವೂ ಸುಳ್ಳು ಹೇಳಿದವರಲ್ಲ. ಕೇಳಿದವರಿಗೆಲ್ಲ ವಡೇಲಿ ಎಂದೇ ಹೇಳಿ, ಆ ‘ಓ’ವನ್ನು ಪ್ರಸಾದದಂತೆ ಸ್ವೀಕರಿಸಿ ಮನೆಗೆ ಬರುತ್ತಿದ್ದರು.

ಹೀಗಿರುವಾಗ ಜಶುವಿಗೆ ಒಂದು ದೊಡ್ಡ ಸಿನಿಮಾ ಸಿಕ್ಕಿತು. ಹಾರುವ ನಾಯಕ, ಉರಿಯುವ ಊರು, ಬೀಳುವ ಕಟ್ಟಡಗಳು, ಎಲ್ಲ ಇದ್ದ ಸಿನಿಮಾ. ನಾಯಕನಿಗೆ ಹಾರುವ ಔಷಧಿ ಕಲಸಿ ಕೊಡುವ ವಿಜ್ಞಾನಿ ಜಶು. ಅದರಲ್ಲಿ ಅವನು ಮಾತಾಡುತ್ತಾನೆ, ನಾಯಕನ ಹೆಗಲು ತಟ್ಟುತ್ತಾನೆ, ಎಲ್ಲಕ್ಕಿಂತ ಹೆಚ್ಚಾಗಿ ಸಿನಿಮಾ ಮುಗಿಯುವವರೆಗೆ ಬದುಕಿರುತ್ತಾನೆ. ಕೋಕಿಲಾ ಥಿಯೇಟರಿನಲ್ಲಿ ಕೊನೆಯವರೆಗೂ ನಂಬದೆ, ‘ಬಾ, ಈಗ ಸಾಯುತ್ತಾರೆ ನೋಡಿ, ಈಗ ಸಾಯುತ್ತಾರೆ’ ಎಂದು ಅತ್ತೆಗೆ ಹೇಳುತ್ತಲೇ ಇದ್ದಳು.

ಸಿನಿಮಾ ಓಡಿತು. ಜಿಲ್ಲೆಯ ಪತ್ರಿಕೆಯಿಂದ ಒಬ್ಬ ಹುಡುಗಿ ಮೋಟೆಲಿಗೆ ಬಂದಳು. ನೀವು ಹುಟ್ಟಿದ್ದೆಲ್ಲಿ ಎಂದು ಕೇಳಿದಳು. ಅರವತ್ತು ವರ್ಷಗಳಲ್ಲಿ ಒಬ್ಬ ಪಟೇಲನೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಅವನು ಏನೂ ಯೋಚಿಸದೆ ವಡೇಲಿ ಅಂದ. ಅವಳು ಅಕ್ಷರ ಕೇಳಿ ಬರೆದುಕೊಂಡಳು. ವಾರ ಕಳೆದ ಮೇಲೆ ಪತ್ರಿಕೆಯಲ್ಲಿ ಬಂತು: ಭಾರತದ ವಡೇಲಿ ಎಂಬ ಹಳ್ಳಿಯಲ್ಲಿ ಹುಟ್ಟಿದ ಚಿತ್ರನಟ ಜೇ ಪಟೇಲ್, ಆ ಮಣ್ಣಿನ ಪರಂಪರೆ, ಇತ್ಯಾದಿ. ಅದನ್ನು ನೋಡಿ ಇಂಟರ್ನೆಟ್ಟಿನವರು ಬರೆದರು, ಅವರನ್ನು ನೋಡಿ ಇನ್ನೊಬ್ಬರು ಬರೆದರು. ಬಸ್ಸಿನ ಬೋರ್ಡಿನಲ್ಲೂ ಇಲ್ಲದ ಊರು ಪ್ರಪಂಚದ ತುಂಬ ಆಯಿತು.

ಡಾಹೀಬಾ ಸೊಸೆಯಿಂದ ಅದನ್ನು ಓದಿಸಿಕೊಂಡರು. ಓದಿದ ಮೇಲೆ, ಇದರಲ್ಲಿ ನಮ್ಮೂರು ಎಲ್ಲಿದೆ ಬೆರಳಿಟ್ಟು ತೋರಿಸು ಅಂದರು. ಕೋಕಿಲಾ ತೋರಿಸಿದಳು. ಮುದುಕಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಆ ಹಾಳೆಯನ್ನು ಕತ್ತರಿಸಿ, ಆಫೀಸಿನ ಗಾಜಿಗೆ, ಈಜುಕೊಳದಲ್ಲಿ ಉಚ್ಚೆ ಹೊಯ್ಯಬಾರದು ಎಂಬ ಬೋರ್ಡಿನ ಪಕ್ಕದಲ್ಲಿ ಅಂಟಿಸಿದರು. ಕೋಣೆ ಕೇಳಲು ಬಂದ ಲಾರಿ ಡ್ರೈವರುಗಳನ್ನು ಕೈ ಹಿಡಿದು ನಿಲ್ಲಿಸಿ, ‘ಮೈ ಸನ್’ ಎಂದು ಫೋಟೋ ತೋರಿಸಿ, ಆಮೇಲೆ ಬೆರಳನ್ನು ಕೆಳಗೆ ಸರಿಸಿ ‘ಮೈ ವಿಲೇಜ್’ ಅನ್ನುತ್ತಿದ್ದರು. ಮಗನಿಗಿಂತ ಎರಡನೆಯದರ ಮೇಲೆ ಬೆರಳು ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಡ್ರೈವರುಗಳು ‘ನೈಸ್, ನೈಸ್’ ಎನ್ನುತ್ತಿದ್ದರು. ಒಬ್ಬರೂ ‘ಓ’ ಅನ್ನಲಿಲ್ಲ.

ಆಗ ಬಂದರು ಅಂಬುಭಾಯಿ. ಒಂಬತ್ತೂರು ಗೋಳಿನ ಅಧ್ಯಕ್ಷರು, ಹನ್ನೊಂದು ಮೋಟೆಲಿನ ಒಡೆಯರು, ಪ್ರತಿ ಮದುವೆಯಲ್ಲೂ ಜಶುವನ್ನು ‘ಸತ್ತು ತೋರಿಸು’ ಎಂದು ಹುರಿದುಂಬಿಸುತ್ತಿದ್ದ ಹುಡುಗರ ತಾತ. ಈಗ ಅವರು ಕಾರಿನಿಂದ ಇಳಿಯುತ್ತಲೇ ‘ಕಲಾಕಾರ್’ ಎಂದು ಕೂಗಿ ಜಶುವನ್ನು ತಬ್ಬಿಕೊಂಡರು. ಕೋಕಿಲಾ ಏಲಕ್ಕಿ ಹಾಕಿದ ಚಹಾ ತಂದಳು. ಚಹಾದ ಜೊತೆ ಹೊಗಳಿಕೆ ಹರಿಯಿತು. ಚಿಕ್ಕಂದಿನಿಂದಲೇ ಅವನ ಕಣ್ಣಲ್ಲಿ ಏನೋ ಒಂದು ತೇಜಸ್ಸು ಕಂಡಿದ್ದರಂತೆ. ಬರುವ ತಿಂಗಳು ಆನಹೈಮಿನ ದೊಡ್ಡ ಹೋಟೆಲಿನಲ್ಲಿ ಗೋಳಿನ ಸಮ್ಮೇಳನ, ಜಶುವಿಗೆ ಸನ್ಮಾನ, ಶಾಲು, ಬೆಳ್ಳಿ ತಟ್ಟೆ. ಜಶು ಆಗಲೇ ಶಾಲು ಬಿದ್ದವನಂತೆ ಹೆಗಲು ನೆಟ್ಟಗೆ ಮಾಡಿಕೊಂಡ.

ಒಂದೇ ಒಂದು ಸಣ್ಣ ತೊಡಕು ಎಂದು ಅಂಬುಭಾಯಿ ಗಾಜಿನ ಕಡೆ ಕೈ ತೋರಿಸಿದರು. ಊರು ತಪ್ಪಾಗಿದೆ. ಒಂಬತ್ತೂರಿನವರು ತಮ್ಮವನೆಂದು ಶಾಲು ಹೊದಿಸಬೇಕಾದರೆ ಆ ಮನುಷ್ಯ ಯಾವುದೋ ಪುಟಗೋಸಿ ಊರಿನವನಾಗಿರಬಾರದು. ಈಗಾಗಲೇ ಕೆಲವರು ಫೋನು ಮಾಡಿ ನಗುತ್ತಿದ್ದಾರಂತೆ.

“ತಪ್ಪೇನಿಲ್ಲ ಕಾಕಾ, ಹುಟ್ಟಿದ್ದು ಅಲ್ಲೇ,” ಎಂದ ಜಶು, ತಪ್ಪು ಮಾಡಿದವನಂತೆ.

“ಹುಟ್ಟೋದು ಎಲ್ಲಿ ಬೇಕಾದ್ರೂ ಹುಟ್ತಾರೆ ದೀಕರಾ, ನನ್ನ ಮಗನೇ. ವಿಮಾನದಲ್ಲೂ ಹುಟ್ತಾರೆ. ಊರು ಅಂದ್ರೆ ಅಪ್ಪಂದು.”

ಮೂಲೆಯ ಕುರ್ಚಿಯಲ್ಲಿ ದಿಂಬಿನ ಗವಸು ಮಡಿಸುತ್ತಿದ್ದ ಡಾಹೀಬಾ ತಲೆ ಎತ್ತಲಿಲ್ಲ. “ನಿಜ ಅಂಬುಭಾಯಿ. ಹೆರೋದೂ ಎಲ್ಲಿ ಬೇಕಾದ್ರೂ ಹೆರಬಹುದು. ಹೆರೋಳೊಬ್ಬಳು ಬೇಕು ಅಷ್ಟೇ. ಅದೊಂದು ಕೆಲಸ ನಿಮ್ಮ ಒಂಬತ್ತೂರಿನ ಗಂಡಸರು ಇನ್ನೂ ಕಲಿತಿಲ್ಲ.”

ಅಂಬುಭಾಯಿ ಜೋರಾಗಿ ನಕ್ಕರು. ಬಾ ಅವರದು ಮೊದಲಿಂದಲೂ ತಮಾಷೆಯ ಸ್ವಭಾವ ಅಂದರು. ಹೋಗುವಾಗ ಕಾರಿನ ಹತ್ತಿರ ಜಶುವಿನ ಹೆಗಲ ಮೇಲೆ ಕೈಯಿಟ್ಟು, ಬೇರೇನೂ ಬೇಡ, ವೇದಿಕೆಯ ಮೇಲೆ ಒಂದು ಮಾತು, ಪೇಪರಿನವರು ಗಡಿಬಿಡಿ ಮಾಡಿದ್ದಾರೆ ಅಂತ ಹೇಳಿಬಿಡು, ಎಲ್ಲರ ಬಾಯಿ ಮುಚ್ಚುತ್ತದೆ ಎಂದು ಬುದ್ಧಿ ಹೇಳಿದರು.

ಮಾರನೆಯ ಬೆಳಿಗ್ಗೆ ಬಟ್ಟೆ ಒಗೆಯುವ ಕೋಣೆಯಲ್ಲಿ ಜಶು ತಾಯಿಯ ಎದುರು ಕೂತು, ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಟವೆಲು ಮಡಿಸಲು ಕೈ ಹಾಕಿದ. ಡಾಹೀಬಾರಿಗೆ ಅಷ್ಟಕ್ಕೇ ವಿಷಯ ಅರ್ಥವಾಯಿತು.

“ಬಾ, ನಾನು ಎರಡೂ ಹೇಳ್ತೀನಿ. ಅಪ್ಪನ ಊರು ವಾಘಸಣ, ನೀನು ನನ್ನ ಹೆತ್ತ ಊರು ವಡೇಲಿ. ಯಾರಿಗೂ ಬೇಜಾರಾಗಬಾರ್ದು.”

“ಒಂದು ಹೇಳು ಸಾಕು. ಇನ್ನೊಂದನ್ನ ಅವರೇ ಹೇಳ್ತಾರೆ,” ಅಂದರು ಡಾಹೀಬಾ. ಆಮೇಲೆ ಆ ಟವೆಲನ್ನು ಅವನ ಕೈಯಿಂದ ಕಿತ್ತುಕೊಂಡು ಸರಿಯಾಗಿ ಮಡಿಸುತ್ತ, “ನನಗೇನೂ ಶಾಲು ಬೇಡ ಜಶು. ಆ ಹೆಂಗಸರೆಲ್ಲ ಕೂತಿರ್ತಾರಲ್ಲ, ಅವರ ಕಿವಿ ಮೇಲೆ ಒಂದು ಸಲ ಆ ಹೆಸರು ಬೀಳಲಿ. ನಾನು ಹೇಳಿ ಹೇಳಿ ಸಾಕಾಯ್ತು,” ಎಂದರು.

ಜಶು ತಾಯಿಯ ತಲೆ ಮುಟ್ಟಿ ಮಾತು ಕೊಟ್ಟ. ಆ ಗಳಿಗೆಯಲ್ಲಿ ಅವನು ನಿಜವಾಗಿಯೂ ಹಾಗೇ ಅಂದುಕೊಂಡಿದ್ದ, ಅದರಲ್ಲಿ ಮೋಸವಿರಲಿಲ್ಲ. ತಿಂಗಳಿಡೀ ಕನ್ನಡಿಯ ಮುಂದೆ ನಿಂತು ಆ ಎರಡು ವಾಕ್ಯ ಅಭ್ಯಾಸ ಮಾಡಿದ. ಮೊದಲನೆಯದಕ್ಕೆ ಎದೆ ಉಬ್ಬಿಸುವುದು, ಎರಡನೆಯದಕ್ಕೆ ಕಣ್ಣು ತೇವ ಮಾಡಿಕೊಂಡು ಮುಂದಿನ ಸಾಲಿನಲ್ಲಿ ಕೂತ ತಾಯಿಯ ಕಡೆ ನೋಡುವುದು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನೂ ಗೊತ್ತು ಮಾಡಿಕೊಂಡ. ಗಿರಾಕಿಗಳ ಮುಂದೆಯೇ ಅಭಿನಯ ನಡೆಯುವುದನ್ನು ನೋಡಿ ಕೋಕಿಲಾ, ಇಷ್ಟು ಶ್ರದ್ಧೆ ನೀರಿನ ಪೈಪಿನ ಮೇಲೆ ಇದ್ದಿದ್ದರೆ ಏಳನೇ ನಂಬರಿನ ಕೋಣೆ ಸೋರುತ್ತಿರಲಿಲ್ಲ ಅಂದಳು.

ಸಮ್ಮೇಳನದ ದಿನ ಡಾಹೀಬಾ ತಮ್ಮ ಮದುವೆಯ ಪಾನೇತರ್ ಸೀರೆ ಉಟ್ಟರು. ತವರಿನವರು ಕೊಟ್ಟ ಬಿಳಿ ಸೀರೆ, ಕೆಂಪು ಅಂಚು, ಮಡಿಕೆಗಳಲ್ಲಿ ಹಳದಿ ಹಿಡಿದಿತ್ತು. ಹೋಟೆಲಿನ ಸಭಾಂಗಣದಲ್ಲಿ ದೀಪದ ಗೊಂಚಲುಗಳ ಕೆಳಗೆ ಒಂಬತ್ತೂರೂ ನೆರೆದಿತ್ತು. ಪ್ರತಿ ಊರಿಗೂ ಬೇರೆ ಬೇರೆ ಮೇಜುಗಳು. ವಾಘಸಣದ್ದು ವೇದಿಕೆಯ ಹತ್ತಿರ. ತಾಯಿ ಮತ್ತು ಹೆಂಡತಿಯನ್ನು ಮೊದಲ ಸಾಲಿನಲ್ಲಿ, ಅಂಬುಭಾಯಿಯ ಹೆಂಡತಿ ಇಚ್ಛಾಬೆನ್ ಪಕ್ಕ ಕೂಡಿಸಿದರು.

ದೀಪ ಆರಿಸಿ ಸಿನಿಮಾದ ತುಣುಕು ತೋರಿಸಿದರು. ಜಶು ನಾಯಕನ ಹೆಗಲು ತಟ್ಟಿದ್ದಕ್ಕೆ ಶಿಳ್ಳೆ ಬಿತ್ತು. ಆಮೇಲೆ ಅಂಬುಭಾಯಿ ಅವನನ್ನು ವೇದಿಕೆಗೆ ಕರೆದು, ಕೆಂಪು ಶಾಲು ಹೊದಿಸಿ, ಹೊಗಳಿ ಅಟ್ಟಕ್ಕೇರಿಸಿದರು. ಅಮೆರಿಕದ ಪರದೆಯ ಮೇಲೆ ನಮ್ಮ ರಕ್ತ ಎಂದರು. ಮೂವತ್ತು ವರ್ಷ ಅದೇ ರಕ್ತ ಚಿಪ್ಸ್ ಪೊಟ್ಟಣಗಳ ಮೇಲೆ ಹರಿದಾಗ ಯಾರಿಗೂ ಗುರುತು ಸಿಕ್ಕಿರಲಿಲ್ಲ. ಕೊನೆಗೆ ಮೈಕನ್ನು ಜನರ ಕಡೆ ತಿರುಗಿಸಿ, ನಮ್ಮ ಕಲಾಕಾರರಿಗೆ ಒಂದೇ ಪ್ರಶ್ನೆ, ಎಲ್ಲರೂ ಸೇರಿ ಕೇಳೋಣ ಎಂದರು. ಸಭಾಂಗಣವಿಡೀ ಒಂದೇ ಗಂಟಲಲ್ಲಿ ಕೇಳಿತು: “ಕಯು ಗಾಮ್?”

ಜಶು ಎದೆ ಉಬ್ಬಿಸಿದ. “ವಾಘಸಣ,” ಅಂದ.

ಹೇಳಿ, ಅಭ್ಯಾಸ ಮಾಡಿದಂತೆ, ಉಸಿರು ತೆಗೆದುಕೊಂಡ. ಆ ಉಸಿರಿನೊಳಗೆ ಚಪ್ಪಾಳೆ ನುಗ್ಗಿತು. ಸಣ್ಣ ಚಪ್ಪಾಳೆಯಲ್ಲ. ವಾಘಸಣದ ಮೇಜಿನವರು ಎದ್ದು ನಿಂತರು, ಅವರನ್ನು ನೋಡಿ ಉಳಿದವರೂ ನಿಂತರು. ಜಶುವಿಗಾಗಿ ಜನ ಎದ್ದು ನಿಂತದ್ದು ಹುಟ್ಟಿದ ಮೇಲೆ ಅದೇ ಮೊದಲು. ಸಿನಿಮಾ ಮುಗಿದ ಮೇಲೆ ಎದ್ದು ನಿಲ್ಲುವುದು ಬೇರೆ. ಅವನ ಮೈಯೆಲ್ಲ ಬಿಸಿಯಾಯಿತು. ಚಪ್ಪಾಳೆ ಇಳಿದ ಮೇಲೂ ಎರಡನೆಯ ವಾಕ್ಯ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಕಣ್ಣು ತೇವ ಮಾಡಿಕೊಂಡು ತಾಯಿಯ ಕಡೆ ನೋಡಿದ್ದೂ ಆಯಿತು. ಮುದುಕಿ ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದರು.

“ಹಾಗಾದ್ರೆ ಆ ಪೇಪರಲ್ಲಿ ಬಂದಿದ್ದೇನಪ್ಪಾ?” ಎಂದರು ಅಂಬುಭಾಯಿ, ಕಣ್ಣು ಮಿಟುಕಿಸಿ.

ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಆದರೆ ಜನ ಆಗಲೇ ಬಾಯಿ ಅರ್ಧ ತೆರೆದು ನಗಲು ಕಾಯುತ್ತಿದ್ದರು. ಜಶು ಮೂವತ್ತು ವರ್ಷದಲ್ಲಿ ಯಾರನ್ನೂ ನಗಿಸಿರಲಿಲ್ಲ. ಅವನನ್ನು ನೋಡಿ ನಕ್ಕಿದ್ದರು, ಅದು ಬೇರೆ ಲೆಕ್ಕ.

“ಅಯ್ಯೋ ಕಾಕಾ, ಆ ಹುಡುಗಿಗೆ ಇಂಡಿಯಾ ಅಂದ್ರೆ ಇರೋದೇ ಒಂದು ಹಳ್ಳಿ. ನಾನು ಏನೋ ಅಂದೆ, ಅವಳು ಏನೋ ಗೀಚಿದ್ಲು. ವಡೇಲಿ ಅಂತ ಒಂದು ಊರು ಇದೆಯೋ ಇಲ್ವೋ, ದೇವರಿಗೇ ಗೊತ್ತು.”

ಯಾರೂ ಬರೆದುಕೊಡದೆ ಅವನ ಬಾಯಿಂದ ಬಂದ ಮೊದಲ ಡೈಲಾಗು ಅದು, ಒಂಬತ್ತೂರೂ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇಚ್ಛಾಬೆನ್ ನಕ್ಕು ನಕ್ಕು ಡಾಹೀಬಾರ ತೊಡೆಯ ಮೇಲೆ ಹೊಡೆದರು. ಕೋಕಿಲಾ ನಗಲಿಲ್ಲ, ಅತ್ತೆಯ ಕಡೆ ನೋಡುವ ಧೈರ್ಯವೂ ಅವಳಿಗೆ ಬರಲಿಲ್ಲ. ಬೆಳ್ಳಿ ತಟ್ಟೆ ಕೈಗೆ ಬಂದಾಗ ಜಶುವಿಗೆ ತಾನು ಹೇಳಿದ್ದೇನು ಎಂಬುದು ನಿಧಾನವಾಗಿ ಕಿವಿಗೆ ಬಿತ್ತು. ತಮಾಷೆಗೆ ಅಂದದ್ದು, ತಾಯಿಗೆ ಅರ್ಥವಾಗುತ್ತದೆ, ಊಟದ ಹೊತ್ತಿನಲ್ಲಿ ಹೇಳಿದರಾಯಿತು ಎಂದು ಸಮಾಧಾನ ಮಾಡಿಕೊಂಡ. ಇಂಥ ಸಮಾಧಾನಗಳು ಅವನಿಗೆ ಬೇಗ ಒಗ್ಗುತ್ತಿದ್ದವು.

ಊಟದ ಸಾಲಿನಲ್ಲಿ ಊಂಧಿಯು, ಪೂರಿ, ಶ್ರೀಖಂಡ. ಜಶು ಶಾಲು ಹೊದ್ದುಕೊಂಡೇ ತಟ್ಟೆ ಹಿಡಿದು ತಾಯಿಯ ಹಿಂದೆ ಬಂದು ನಿಂತ. ಮುಂದೆ ನಿಂತಿದ್ದ ಇಚ್ಛಾಬೆನ್ ತಿರುಗಿ, ಇಂಥ ಮಗನನ್ನು ಹೆತ್ತಿದ್ದಕ್ಕೆ ಡಾಹೀಬಾರನ್ನು ಹೊಗಳಿದರು. ನಕ್ಕ ಖುಷಿ ಇನ್ನೂ ಆರಿರಲಿಲ್ಲ, ಪ್ರೀತಿ ಉಕ್ಕಿ ಬಂತು. ಹಿಂದಿನ ಮದುವೆಗಳಲ್ಲಿ ಎಷ್ಟೋ ಸಲ ಕೇಳಿ ಮರೆತಿದ್ದನ್ನೇ ಮತ್ತೆ ಕೇಳಿದರು.

“ಅಂದ ಹಾಗೆ ಬಾ, ನಿಮ್ಮ ತವರು ಯಾವುದು?”

“ನನಗೆ ತವರಿಲ್ಲಮ್ಮ.”

“ಅದೇನು ಹಾಗಂತೀರಿ? ಹೆಣ್ಣು ಅಂದ್ಮೇಲೆ ತವರು ಇಲ್ದೆ ಇರುತ್ತಾ?”

“ಇದೆ ಅಂತ್ಲೇ ನಾನೂ ಅಂದ್ಕೊಂಡಿದ್ದೆ,” ಎಂದರು ಡಾಹೀಬಾ. ದನಿಯಲ್ಲಿ ಸಿಟ್ಟಿರಲಿಲ್ಲ, ಬೆಲೆ ಕೇಳಿದವರಿಗೆ ಬೆಲೆ ಹೇಳುವಂತೆ ಹೇಳಿದರು. “ಈಗ ತಾನೆ ನನ್ನ ಮಗ ಮೈಕಲ್ಲಿ ಹೇಳಿದ್ನಲ್ಲ, ಅದು ಇದೆಯೋ ಇಲ್ವೋ ದೇವರಿಗೇ ಗೊತ್ತು ಅಂತ. ನೀವೂ ನಕ್ರಿ.”

ಇಚ್ಛಾಬೆನ್ ಬಾಯಲ್ಲಿ ಇಷ್ಟು ವರ್ಷ ಸಲೀಸಾಗಿ ಬರುತ್ತಿದ್ದ ‘ಓ’ ಕೂಡ ಬರಲಿಲ್ಲ. ಜಶು ತಾಯಿಯನ್ನು ‘ಬಾ’ ಎಂದು ಕರೆಯಬೇಕೆಂದುಕೊಂಡ. ಅಷ್ಟರಲ್ಲಿ ಯಾರೋ ನಾಲ್ಕು ಹುಡುಗರು ಬಂದು ಅವನ ಸುತ್ತ ಮುತ್ತಿಕೊಂಡು, ಅಂಕಲ್ ಒಂದು ಫೋಟೋ ಎಂದು ಫೋನು ಮೇಲೆತ್ತಿದರು. ಫೋನಿನ ಗಾಜಿನಲ್ಲಿ ಅವನಿಗೆ ತನ್ನ ಮುಖ ಕಂಡಿತು, ಅದು ನಗುತ್ತಿತ್ತು. ಹುಡುಗರು ಹೋದ ಮೇಲೆ ತಿರುಗಿ ನೋಡಿದರೆ ಡಾಹೀಬಾ ಸಾಲಿನಲ್ಲಿರಲಿಲ್ಲ. ತಟ್ಟೆ ಹಿಡಿದುಕೊಂಡು, ಒಂಬತ್ತೂರಿನ ಮೇಜುಗಳನ್ನೆಲ್ಲ ದಾಟಿ, ಬಾಗಿಲ ಹತ್ತಿರ ಡ್ರೈವರುಗಳಿಗೆ ಹಾಕಿದ್ದ ಮೇಜಿಗೆ ಹೋಗಿ ಕೂತು ಊಟ ಮಾಡುತ್ತಿದ್ದರು.